ಕೈರೋದಲ್ಲಿ ಕೂತವರು, ಮರಳಲ್ಲಿ ನಿಂತವರು

ಅಲ್ಲ ಅಕ್ಕಾ, ತಲೆ ಮೇಲೆ ಬಾಂಬು ಬೀಳ್ತಿರೋವಾಗ ಕವಿತೆ ಬರೆಯೋಕೆ ಮನಸ್ಸಾದರೂ ಹೇಗೆ ಬರುತ್ತೆ ಅಂತ ಕೇಳಿದ್ರಲ್ಲ, ಅದಕ್ಕೆ ಒಂದೇ ಮಾತಲ್ಲಿ ಉತ್ತರ ಕೊಡೋಕೆ ನನ್ನ ಕೈಲಿ ಆಗೋಲ್ಲ. ಹೂವು ಬಿಡಿಸೋದು ಮುಗಿಸಿ ಹೀಗೆ ಬನ್ನಿ, ಬಿಸಿಲು ಇನ್ನೂ ಏರಿಲ್ಲ. ನಿಮ್ಮ ಮಾವನವರು ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಈಜಿಪ್ಟಿಗೆ ಹೋಗಿಬಂದವರು ಅಂತ ನೀವೇ ಹೇಳಿದ್ದಿರಿ. ನಾನು ಹೇಳಹೊರಟಿರೋದೂ ಅದೇ ಈಜಿಪ್ಟಿನ ಕತೆ, ಅದೇ ವರ್ಷಗಳದ್ದು. ಎರಡನೇ ಮಹಾಯುದ್ಧದ ಇಂಗ್ಲಿಷ್ ಕವಿತೆಗೆ ಜೀವ ಬಂದದ್ದು ಲಂಡನ್ನಿಗಿಂತ ಹೆಚ್ಚಾಗಿ ಕೈರೋದಲ್ಲಿ, ಅದರ ಪಶ್ಚಿಮಕ್ಕಿರೋ ಮರಳುಗಾಡಿನಲ್ಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅಲ್ಲಿ ಬರೀತಿದ್ದವರಲ್ಲಿ ಎರಡು ಥರದ ಜನ. ಕೆಲವರು ಊರು ಕಳಕೊಂಡು ಬಂದವರು, ಇನ್ನು ಕೆಲವರು ಹುಕುಂ ಆಗಿ ಬಂದವರು. 1941ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಗ್ರೀಸಿಗೆ ನುಗ್ಗಿದಾಗ, ಅಲ್ಲಿ ಪಾಠ ಹೇಳ್ಕೊಂಡು ನೆಮ್ಮದಿಯಾಗಿದ್ದ ಇಂಗ್ಲಿಷ್ ಬರಹಗಾರರು ಸಿಕ್ಕಿದ ಹಡಗು, ಸಿಕ್ಕಿದ ದೋಣಿ ಹತ್ತಿ ಓಡಬೇಕಾಯಿತು. ಲಾರೆನ್ಸ್ ಡರೆಲ್ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕಟ್ಟಿಕೊಂಡು ಕಲಾಮಾಟಾದಿಂದ ದೋಣಿಯಲ್ಲಿ ಕ್ರೀಟ್ ದ್ವೀಪಕ್ಕೆ, ಅಲ್ಲಿಂದ ಈಜಿಪ್ಟಿಗೆ ಬಂದ. ಈ ಡರೆಲ್ ಹುಟ್ಟಿದ್ದು ನಮ್ಮ ಜಲಂಧರಿನಲ್ಲಿ, 1912ರಲ್ಲಿ. ಅವನ ಗೆಳೆಯ ಬರ್ನಾರ್ಡ್ ಸ್ಪೆನ್ಸರ್ ಹುಟ್ಟಿದ್ದು ಇನ್ನೂ ಹತ್ತಿರ, ಮದ್ರಾಸಿನಲ್ಲಿ, 1909ರಲ್ಲಿ. ಅವನು ಬ್ರಿಟಿಷ್ ಕೌನ್ಸಿಲ್ ಕೆಲಸದ ಮೇಲೆ ಗ್ರೀಸಿನ ಸಲೋನಿಕಾದಲ್ಲಿದ್ದವನು. ಹುಟ್ಟಿದ್ದು ಒಂದು ಕಡೆ, ಓದಿದ್ದು ಇನ್ನೊಂದು ಕಡೆ, ಮನಸ್ಸು ನೆಟ್ಟಿದ್ದು ಮತ್ತೊಂದು ಕಡೆ. ಆ ಮೂರನೇ ಊರೂ ಈಗ ಕೈಬಿಟ್ಟು ಹೋಗಿತ್ತು.

ಕೈರೋದ ಸ್ಥಿತಿ ಆಗ ವಿಚಿತ್ರವಾಗಿತ್ತು. ಲಂಡನ್ನಿನಲ್ಲಿ ಬೆಣ್ಣೆಗೆ, ಮಾಂಸಕ್ಕೆ ರೇಷನ್ನು. ಕೈರೋದಲ್ಲಿ ಎಲ್ಲ ಧಾರಾಳ. ಗ್ರೊಪ್ಪಿ ಅನ್ನೋ ಹೆಸರಾಂತ ಕಾಫಿ ಅಂಗಡಿಯಲ್ಲಿ ಕೇಕು ತಿನ್ನೋ ಅಧಿಕಾರಿ ವಾರದ ಹಿಂದೆ ಟ್ಯಾಂಕಿನೊಳಗೆ ಇದ್ದವನು, ಮುಂದಿನ ವಾರ ಮತ್ತೆ ಅಲ್ಲಿಗೇ ಹೋಗಬೇಕಾದವನು. ಆ ಊರಿನಲ್ಲಿ ಡರೆಲ್, ಸ್ಪೆನ್ಸರ್, ಅಲ್ಲೇ ಫುವಾದ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳ್ತಿದ್ದ ರಾಬಿನ್ ಫೆಡನ್, ಈ ಮೂವರು ಸೇರಿ 1942ರ ಜನವರಿಯಲ್ಲಿ ‘ಪರ್ಸನಲ್ ಲ್ಯಾಂಡ್‌ಸ್ಕೇಪ್’ ಅನ್ನೋ ಸಣ್ಣ ಪತ್ರಿಕೆ ಶುರುಮಾಡಿದರು. 1945ರ ತನಕ ಬಂದದ್ದು ಒಟ್ಟು ಎಂಟೇ ಸಂಚಿಕೆ. ಎಂಟು ಸಂಚಿಕೆಯ ಪತ್ರಿಕೆಯನ್ನು ಎಂಬತ್ತು ವರ್ಷ ಆದ ಮೇಲೂ ಜನ ಹುಡುಕಿಕೊಂಡು ಹೋಗ್ತಾರೆ ಅಂದರೆ ಅದರಲ್ಲಿ ಏನೋ ಇದ್ದಿರಲೇಬೇಕು.

ಏನಿತ್ತು ಅಂತೀರಾ? ಯುದ್ಧ ಮಾತ್ರ ಹೆಚ್ಚಿರಲಿಲ್ಲ. ದ್ವೀಪಗಳು, ಆಲಿವ್ ಮರಗಳು, ಬಿಟ್ಟುಬಂದ ಬಂದರು, ನೈಲ್ ನದಿಯ ದಡದ ಬೇಸರ, ಇವೇ ಇದ್ದವು. ಅದಕ್ಕೆ ಆಗಲೂ ಆಮೇಲೂ ಬೈಸಿಕೊಂಡರು. ಹುಡುಗರು ಮರಳುಗಾಡಿನಲ್ಲಿ ಸಾಯ್ತಿರೋವಾಗ ಇವರು ದ್ವೀಪ ನೆನೆಸಿಕೊಂಡು ಕೂತಿದ್ದಾರಲ್ಲ ಅಂತ. ನಾನು ಆ ಬೈಗುಳಕ್ಕೆ ದನಿ ಕೂಡಿಸೋಳಲ್ಲ. ಮನೆ ಕಳಕೊಂಡವನು ಮನೆ ನೆನೆಸಿಕೊಂಡರೆ ಅದು ತಪ್ಪಿಸಿಕೊಳ್ಳೋದು ಹೇಗಾಗುತ್ತೆ? ಆ ಪತ್ರಿಕೆಯ ಒಂದು ವಿಷಯವಂತೂ ಎಷ್ಟು ಸಲ ಯೋಚಿಸಿದರೂ ನನಗೆ ಗೌರವ ಉಕ್ಕುತ್ತೆ. ರೂತ್ ಸ್ಪೀರ್ಸ್ ಅಂತ ಒಬ್ಬ ಹೆಣ್ಣುಮಗಳು, ಲಾಟ್ವಿಯಾ ಕಡೆಯವಳು, ಅದೇ ಕೈರೋದಲ್ಲಿ ಕೂತು ರಿಲ್ಕೆಯ ಕವಿತೆಗಳನ್ನು ಜರ್ಮನ್‌ನಿಂದ ಇಂಗ್ಲಿಷಿಗೆ ತರ್ತಿದ್ದಳು. ಇವರು ಅದನ್ನು ಅಚ್ಚು ಹಾಕ್ತಿದ್ದರು. ಒಂದು ಕಡೆ ಜರ್ಮನ್ ಸೇನಾಪತಿ ರೊಮ್ಮೆಲ್‌ನ ಟ್ಯಾಂಕುಗಳು ಊರಿನ ಕಡೆಗೇ ಬರ್ತಿವೆ, ಇನ್ನೊಂದು ಕಡೆ ಇಂಗ್ಲಿಷ್ ಪತ್ರಿಕೆಯಲ್ಲಿ ಜರ್ಮನ್ ಭಾಷೆಯ ಕವಿಗೆ ಗೌರವದ ಜಾಗ. ಶತ್ರುವಿನ ಭಾಷೆಯನ್ನು ಹಿಟ್ಲರನಿಗೆ ಬಿಟ್ಟುಕೊಡೋಲ್ಲ ಅನ್ನೋ ಹಟ ಅದರಲ್ಲಿ ನನಗೆ ಕಾಣುತ್ತೆ.

ಟ್ಯಾಂಕುಗಳು ಬರ್ತಿವೆ ಅಂದೆನಲ್ಲ, ಉತ್ಪ್ರೇಕ್ಷೆ ಅಲ್ಲ ಅದು. 1942ರ ಜೂನ್ ಕೊನೆಗೆ ರೊಮ್ಮೆಲ್ ಅಲಮೇನ್ ತನಕ ಬಂದುಬಿಟ್ಟಿದ್ದ. ಅಲ್ಲಿಂದ ಅಲೆಕ್ಸಾಂಡ್ರಿಯಾ ನೂರು ಕಿಲೋಮೀಟರ್ ಆಸುಪಾಸು, ನಮ್ಮ ಬೆಂಗಳೂರಿಂದ ಮಂಡ್ಯಕ್ಕೆ ಹೋದಷ್ಟು. ಜುಲೈ 1, ಬುಧವಾರ, ಕೈರೋದ ಬ್ರಿಟಿಷ್ ರಾಯಭಾರ ಕಚೇರಿ ಮತ್ತು ಸೈನ್ಯದ ಮುಖ್ಯ ಕಚೇರಿಯಲ್ಲಿ ರಹಸ್ಯ ಕಾಗದಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ಅರ್ಧಂಬರ್ಧ ಸುಟ್ಟ ಹಾಳೆಗಳು ಬೀದಿಬೀದಿಯಲ್ಲಿ ಹಾರಾಡಿದವು. ರೈಲ್ವೆ ಸ್ಟೇಷನ್ನಿನಲ್ಲಿ ಪ್ಯಾಲೆಸ್ತೀನಿಗೆ ಹೋಗೋ ಗಾಡಿ ಹತ್ತೋಕೆ ನೂಕುನುಗ್ಗಲು. ಆ ದಿನಗಳ ಗಾಬರಿಯನ್ನು ಒಲಿವಿಯಾ ಮ್ಯಾನಿಂಗ್ ತನ್ನ ಲೆವಾಂಟ್ ಕಾದಂಬರಿ ತ್ರಿವಳಿಯಲ್ಲಿ ಹಿಡಿದಿಟ್ಟಿದ್ದಾಳೆ. ಅವಳೂ ಗಂಡನ ಜೊತೆ ಗ್ರೀಸಿನಿಂದ ಓಡಿಬಂದವಳೇ. ಯುದ್ಧ ನಡೀತಿರೋವಾಗಲೇ, 1944ರಲ್ಲಿ, ಈ ದೇಶಭ್ರಷ್ಟ ಕವಿಗಳ ಮೇಲೆ ಲಂಡನ್ನಿನ ‘ಹೊರೈಜನ್’ ಪತ್ರಿಕೆಗೆ ಲೇಖನ ಬರೆದವಳು.

ಆ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಕವಿ ಮಾತ್ರ ಇಂಗ್ಲಿಷಿನವನಲ್ಲ. ಗ್ರೀಸಿನ ಜಾರ್ಜ್ ಸೆಫೆರಿಸ್. ಮುಂದೆ 1963ರಲ್ಲಿ ನೊಬೆಲ್ ಬಂತಲ್ಲ, ಅವರೇ. ಹುಟ್ಟಿದ್ದು ಸ್ಮಿರ್ನಾದಲ್ಲಿ, 1900ರಲ್ಲಿ. 1922ರಲ್ಲಿ ಆ ಊರು ಸುಟ್ಟು ಹೋಯಿತು, ಅಲ್ಲಿದ್ದ ಗ್ರೀಕರು ಚೆಲ್ಲಾಪಿಲ್ಲಿ ಆದರು. ಹಾಗಾಗಿ 1941 ಅವರಿಗೆ ಎರಡನೇ ಸಲ ನೆಲ ಕುಸಿದಂತೆ. ವೃತ್ತಿಯಲ್ಲಿ ರಾಯಭಾರ ಇಲಾಖೆಯ ಅಧಿಕಾರಿ. ಸರ್ಕಾರವೇ ದೇಶ ಬಿಟ್ಟಾಗ ಅದರ ಜೊತೆ ಇವರೂ ಹೊರಟರು. ಕ್ರೀಟ್, ಈಜಿಪ್ಟ್, ಅಲ್ಲಿಂದ ದಕ್ಷಿಣ ಆಫ್ರಿಕಾ, 1942ರಲ್ಲಿ ಮತ್ತೆ ಕೈರೋ. ಹಗಲೆಲ್ಲ ಸರ್ಕಾರಿ ಪ್ರಕಟಣೆ, ಪತ್ರಿಕೆಯವರು, ನೆಲವೇ ಇಲ್ಲದ ಸರ್ಕಾರದೊಳಗಿನ ಕಚ್ಚಾಟ. ರಾತ್ರಿ ಕವಿತೆ, ದಿನಚರಿ. ಅವರ ಆ ಕಾಲದ ಸಂಕಲನಕ್ಕೆ ಹಡಗಿನ ದಿನಚರಿ ಅಂತಲೇ ಹೆಸರು. ಆ ಸಾಲಿನಲ್ಲಿ ಎರಡನೆಯದು, 1944ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಅಚ್ಚಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಊರಿಗೆ ಮರಳೋ ದಾರಿಯಲ್ಲಿ ಇಟಲಿಯ ಕಾವಾ ದೇಯ್ ತಿರ್ರೇನಿ ಅನ್ನೋ ಸಣ್ಣ ಊರಿನಲ್ಲಿ ನಿಂತಿದ್ದಾಗ ಬರೆದ ಕವಿತೆಯೊಂದಿದೆ. ಊರು ಹತ್ತಿರ ಬಂತು ಅನ್ನೋ ಖುಷಿ ಅದರಲ್ಲಿ ಹುಡುಕಿದರೂ ಸಿಗೋಲ್ಲ. ಯುದ್ಧ ಮನುಷ್ಯರನ್ನು ಏನು ಮಾಡಿಬಿಟ್ಟಿದೆ ಅಂತ ಕಂಡವರ ದಣಿವು ಇದೆ. ಆ ಡಿಸೆಂಬರಿನಲ್ಲೇ ಅಥೆನ್ಸಿನಲ್ಲಿ ಗ್ರೀಕರೇ ಗ್ರೀಕರ ಮೇಲೆ ಗುಂಡು ಹಾರಿಸೋ ಕಾಲ ಬಂತು.

ಇನ್ನು ಹುಕುಂ ಮೇಲೆ ಬಂದವರು. ಅಕ್ಕಾ, ಇವರ ವಿಷಯಕ್ಕೆ ಬಂದರೆ ನನಗೆ ಮಾತು ಜಾಸ್ತಿ ಆಗುತ್ತೆ, ಬೇಜಾರಾದರೆ ಹೇಳಿಬಿಡಿ.

ಕೀತ್ ಡಗ್ಲಸ್. 1920ರಲ್ಲಿ ಹುಟ್ಟಿದವನು. ಆಕ್ಸ್‌ಫರ್ಡಿನಲ್ಲಿ ಅವನಿಗೆ ಪಾಠ ಹೇಳಿದ ಗುರು ಎಡ್ಮಂಡ್ ಬ್ಲಂಡನ್, ಮೊದಲನೇ ಮಹಾಯುದ್ಧದ ಕಂದಕಗಳಿಂದ ಬದುಕಿ ಬಂದ ಕವಿ. ಒಂದು ಯುದ್ಧದ ಕವಿ ಮುಂದಿನ ಯುದ್ಧದ ಕವಿಯನ್ನು ಓದಿಸಿ ಕಳಿಸಿದ. ಡಗ್ಲಸ್ ಇದ್ದದ್ದು ಶೆರ್‌ವುಡ್ ರೇಂಜರ್ಸ್ ಅನ್ನೋ ಟ್ಯಾಂಕ್ ರೆಜಿಮೆಂಟಿನಲ್ಲಿ. ಅಲಮೇನಿನ ದೊಡ್ಡ ಕದನ 1942ರ ಅಕ್ಟೋಬರ್ 23ರ ರಾತ್ರಿ ಶುರುವಾದಾಗ ಅವನನ್ನು ಹಿಂದೆ, ಡಿವಿಷನ್ ಕಚೇರಿಯಲ್ಲಿ, ವಾಹನಗಳಿಗೆ ಮರೆಮಾಚು ಬಣ್ಣ ಬಳಿಸೋ ಕೆಲಸಕ್ಕೆ ಹಾಕಿದ್ದರು. ಕೆಲವು ದಿನ ಗುಂಡಿನ ಸದ್ದು ಕೇಳಿಸಿಕೊಂಡು ಕೂತ. ಕೊನೆಗೆ ಒಂದು ದಿನ ಮೇಲಿನವರ ಅಪ್ಪಣೆ ಮೀರಿ ಒಂದು ಲಾರಿ ಹತ್ತಿಕೊಂಡು ಸೀದಾ ತನ್ನ ರೆಜಿಮೆಂಟಿದ್ದ ಕಡೆ ಹೊರಟುಬಿಟ್ಟ. ಕೋರ್ಟ್‌ಮಾರ್ಷಲ್ ಆಗಬಹುದಾಗಿದ್ದ ತಪ್ಪು. ಅಲ್ಲಿ ಅಧಿಕಾರಿಗಳು ಸತ್ತು ಜನ ಸಾಲದೆ ಇದ್ದುದರಿಂದ ಕರ್ನಲ್ ಸಾಹೇಬರು ಅವನನ್ನು ಉಳಿಸಿಕೊಂಡು ಟ್ಯಾಂಕು ಕೊಟ್ಟರು.

ಈ ಕತೆಯನ್ನು ಅವನೇ ‘ಅಲಮೇನ್ ಟು ಜೆಮ್ ಜೆಮ್’ ಅನ್ನೋ ಗದ್ಯದ ಪುಸ್ತಕದಲ್ಲಿ ಬರೆದಿದ್ದಾನೆ. ಅದರಲ್ಲಿ ಏನೇನಿದೆ ಅಂತೀರಿ! ಆ ರೆಜಿಮೆಂಟಿನ ಅಧಿಕಾರಿಗಳು ಬಹಳ ಜನ ನರಿಬೇಟೆ ಆಡೋ ಜಮೀನ್ದಾರಿ ಮನೆತನದವರು. ಟ್ಯಾಂಕಿಂದ ಟ್ಯಾಂಕಿಗೆ ವೈರ್‌ಲೆಸ್‌ನಲ್ಲಿ ಮಾತಾಡೋವಾಗ ಶತ್ರುವಿಗೆ ಗೊತ್ತಾಗಬಾರದು ಅಂತ ಕುದುರೆ, ಕ್ರಿಕೆಟ್ಟಿನ ಭಾಷೆಯಲ್ಲಿ ಮಾತಾಡ್ಕೋತಾರೆ. ಕುದುರೆಗೆ ಕಾಲು ನೋವು ಅಂದರೆ ಟ್ಯಾಂಕು ಕೆಟ್ಟಿದೆ ಅನ್ನೋ ಥರ. ಡಗ್ಲಸ್‌ಗೆ ಅವರ ದೊಡ್ಡಸ್ತಿಕೆ ಸೇರ್ತಿರಲಿಲ್ಲ. ಸಾಯೋವಾಗ ಅವರು ತೋರಿಸಿದ ನಿರಾಳವನ್ನು ಮಾತ್ರ ಮೆಚ್ಚದೆ ಇರೋಕೂ ಆಗಲಿಲ್ಲ. ಎರಡನ್ನೂ ಮುಚ್ಚಿಡದೆ ಬರೆದ. ಯುದ್ಧ ತನಗೆ ಹುರುಪು ಕೊಡ್ತು ಅನ್ನೋದನ್ನೂ, ಬಿಟ್ಟುಹೋದ ಶತ್ರುವಿನ ಗಾಡಿಗಳಲ್ಲಿ ಸಾಮಾನು ಹುಡುಕಿದ್ದನ್ನೂ ಬರೆದ. ಯುದ್ಧ ಕೆಟ್ಟದ್ದು ಅಂತ ಎಲ್ಲರೂ ಬರೀತಾರೆ. ಅದರ ಸೆಳೆತ ಹೇಗಿರುತ್ತೆ ಅಂತ ಹೇಳೋ ಧೈರ್ಯ ಮಾಡಿದವರು ಕಡಿಮೆ, ಅದಕ್ಕೇ ನಾನು ಅವನ ಮಾತು ನಂಬ್ತೀನಿ.

1943ರ ಜನವರಿಯಲ್ಲಿ ಲಿಬಿಯಾದ ಜೆಮ್ ಜೆಮ್ ಹಳ್ಳದ ಹತ್ತಿರ ನೆಲಬಾಂಬು ಸಿಡಿದು ಗಾಯವಾಗಿ ಆಸ್ಪತ್ರೆ ಸೇರಿದ. ಆಸ್ಪತ್ರೆಯಲ್ಲೂ, ಆಮೇಲೆ ಕೈರೋ ಸುತ್ತಮುತ್ತ ಇದ್ದಾಗಲೂ ಅವನ ಅತ್ಯುತ್ತಮ ಕವಿತೆಗಳು ಬಂದವು. ಈ ಕೈರೋದವರು ಕೈರೋದವರು ಅಂತ ನಾನು ಇಷ್ಟೊತ್ತು ಹೇಳಿದೆನಲ್ಲ, ಅವರ ಋಣ ಇಲ್ಲಿದೆ. ಸ್ಪೆನ್ಸರ್ ಅವನಿಗೆ ಸ್ನೇಹಿತನಾದ, ‘ಪರ್ಸನಲ್ ಲ್ಯಾಂಡ್‌ಸ್ಕೇಪ್’ ಅವನ ಹಲವು ಕವಿತೆಗಳನ್ನು ಹಾಕಿತು. ದ್ವೀಪದ ಕನವರಿಕೆ ಅಂತ ಜನ ಹಂಗಿಸಿದ ಪತ್ರಿಕೆಯೇ ಟ್ಯಾಂಕಿಂದ ಇಳಿದು ಬಂದವನಿಗೆ ಜಾಗ ಕೊಟ್ಟಿತು. ಓದೋಕೆ ಬರೋ ನಾಲ್ಕು ಜನ, ಒಂದು ಮೇಜು, ಅಚ್ಚು ಹಾಕೋ ಒಂದು ಪುಟ. ರಜೆಯಲ್ಲಿ ಬಂದ ಸಿಪಾಯಿ ಕವಿಗೆ ಇದಕ್ಕಿಂತ ಹೆಚ್ಚೇನು ಬೇಕಿತ್ತು?

ಅವನ ಒಂದು ಕವಿತೆಗೆ ಜರ್ಮನ್ ಹೆಸರೇ ಇದೆ, ‘ಫರ್ಗಿಸ್‌ಮೈನ್‌ನಿಷ್ಟ್’ ಅಂತ, ಮರೆಯಬೇಡ ನನ್ನ ಅನ್ನೋ ಅರ್ಥದ ಒಂದು ಹೂವಿನ ಹೆಸರು. ಕದನ ಮುಗಿದು ಮೂರು ವಾರ ಆದ ಮೇಲೆ ಅದೇ ಜಾಗಕ್ಕೆ ಮರಳಿ ಬರ್ತಾರೆ. ಇವರ ಟ್ಯಾಂಕಿಗೆ ಗುಂಡು ಹೊಡೆದಿದ್ದ ಜರ್ಮನ್ ಸೈನಿಕನ ಹೆಣ ಇನ್ನೂ ಅಲ್ಲೇ ಬಿಸಿಲಿಗೆ ಬಿದ್ದಿದೆ. ಪಕ್ಕದಲ್ಲಿ ಸಾಮಾನೆಲ್ಲ ಚೆಲ್ಲಿದ ಗುಂಡಿಯಲ್ಲಿ ಒಂದು ಹುಡುಗಿಯ ಫೋಟೋ, ಅದರ ಮೇಲೆ ಅವಳದೇ ಕೈಬರಹದಲ್ಲಿ ಆ ಮಾತು. ಡಗ್ಲಸ್ ಅಳೋಲ್ಲ, ಬೈಯೋಲ್ಲ. ಹೆಣ ಹೇಗಾಗಿದೆ ಅಂತ ಕಣ್ಣು ಕೀಳದೆ ನೋಡ್ತಾನೆ. ಆ ಹುಡುಗಿ ಈಗ ಇಲ್ಲಿದ್ದಿದ್ದರೆ ಏನು ನೋಡಬೇಕಾಗಿತ್ತು ಅಂತ ಯೋಚಿಸ್ತಾನೆ. ಅವಳ ಪ್ರಿಯಕರನೂ, ಇವರನ್ನು ಕೊಲ್ಲೋಕೆ ಬಂದಿದ್ದವನೂ ಒಂದೇ ಏಟಿಗೆ ಸತ್ತಿದ್ದಾರೆ ಅನ್ನೋ ಕಡೆಗೆ ನಮ್ಮನ್ನು ತಂದು ನಿಲ್ಲಿಸ್ತಾನೆ. ತನ್ನನ್ನೇ ಕೊಲ್ಲಹೊರಟಿದ್ದವನ ವಿಷಯದಲ್ಲಿ ಇಷ್ಟು ನಿಧಾನವಾಗಿ ನೋಡೋ ಶಕ್ತಿ ಇಪ್ಪತ್ತಮೂರರ ಹುಡುಗನಿಗೆ ಎಲ್ಲಿಂದ ಬಂತು, ಹೇಳಿ!

ಅವನೊಬ್ಬನಿಗೇ ಅಲ್ಲ ಅನ್ನೋದೇ ಆಶ್ಚರ್ಯ. ಸ್ಕಾಟ್ಲೆಂಡಿನ ರಾಸೇ ದ್ವೀಪದ ಸಾರ್ಲಿ ಮೆಕ್ಲೀನ್ ಸಿಗ್ನಲ್ಸ್ ವಿಭಾಗದಲ್ಲಿದ್ದ, ಗೇಲಿಕ್ ಭಾಷೆಯಲ್ಲಿ ಬರೀತಿದ್ದ. ಫ್ಯಾಸಿಸಂ ಅಂದರೆ ಅವನಿಗೆ ಮೈಯೆಲ್ಲ ಉರಿ. ಅಂಥವನು ರುವೈಸಾತ್ ದಿಣ್ಣೆಯ ಕೆಳಗೆ ಕೂತಂತೆಯೇ ಸತ್ತಿದ್ದ ಒಬ್ಬ ಜರ್ಮನ್ ಹುಡುಗನನ್ನು ಕಂಡು ಬರೆದ ಕವಿತೆಯಲ್ಲಿ ಕೇಳೋದು ಇಷ್ಟೇ: ಇವನು ಯೆಹೂದ್ಯರನ್ನು ಹಿಂಸಿಸಿದವರ ಪೈಕಿಯೋ, ಅಥವಾ ಎಲ್ಲ ಕಾಲದಲ್ಲೂ ದೊಡ್ಡವರು ಯುದ್ಧಕ್ಕೆ ಎಳಕೊಂಡು ಹೋಗೋ ಬಡಪಾಯಿಗಳ ಪೈಕಿಯೋ? ಉತ್ತರ ಆ ಮುಖದಲ್ಲಿಲ್ಲ. ಮೆಕ್ಲೀನನಿಗೆ ಆಮೇಲೆ 1942ರ ನವೆಂಬರ್ 2ರಂದು ಅಲಮೇನಿನಲ್ಲಿ ನೆಲಬಾಂಬು ಸಿಡಿದು ಪಾದದ ಮೂಳೆಗಳು ಮುರಿದವು, ತಿಂಗಳುಗಟ್ಟಲೆ ಆಸ್ಪತ್ರೆ. ಇಂಗ್ಲಿಷಿನವನು ಡಗ್ಲಸ್, ಗೇಲಿಕ್ಕಿನವನು ಇವನು. ಒಬ್ಬರ ಕವಿತೆ ಒಬ್ಬರು ಓದಿ ಬರೆದದ್ದಲ್ಲ. ಸತ್ತ ಶತ್ರುವಿನ ಮುಂದೆ ಇಬ್ಬರೂ ಒಂದೇ ಥರ ನಿಂತರು.

ಮೂರನೆಯವನು ಹೇಮಿಶ್ ಹೆಂಡರ್ಸನ್. 51ನೇ ಹೈಲ್ಯಾಂಡ್ ಡಿವಿಷನ್ನಿನ ಗುಪ್ತಚರ ಅಧಿಕಾರಿ, ಸೆರೆಸಿಕ್ಕ ಜರ್ಮನರನ್ನೂ ಇಟಾಲಿಯನ್ನರನ್ನೂ ವಿಚಾರಣೆ ಮಾಡೋ ಕೆಲಸ. ಸೆರೆಸಿಕ್ಕ ಜರ್ಮನ್ ಅಧಿಕಾರಿಯೊಬ್ಬ ಅವನ ಹತ್ತಿರ ಹೇಳಿದ್ದನಂತೆ, ಆಫ್ರಿಕಾಕ್ಕೆ ಬಂದ ಮೇಲೆ ನಾವಿಬ್ಬರೂ ಒಂದೇ ಪಕ್ಷ, ನಮ್ಮಿಬ್ಬರ ಶತ್ರು ಈ ಮರಳುಗಾಡು ಅಂತ. ಆ ಮಾತು ಇವನ ತಲೆಯಲ್ಲಿ ಕೂತುಬಿಟ್ಟಿತು. 1948ರಲ್ಲಿ ಬಂದ ಅವನ ‘ಎಲಿಜೀಸ್ ಫಾರ್ ದ ಡೆಡ್ ಇನ್ ಸೈರೆನೇಯಿಕಾ’ ಎರಡೂ ಕಡೆ ಸತ್ತವರಿಗಾಗಿ ಬರೆದದ್ದು. ಸಿಪಾಯಿಗಳು ಕಟ್ಟಿ ಹಾಡ್ತಿದ್ದ ಲಾವಣಿಗಳನ್ನೂ ಅವನು ಕೂಡಿಹಾಕಿದ. ನಮ್ಮ ಹಲಸಂಗಿ ಗೆಳೆಯರು ಗರತಿಯ ಹಾಡು ಹುಡುಕಿಕೊಂಡು ಹೋದಂತೆ ಅವನೂ ಊರಿಗೆ ಮರಳಿದ ಮೇಲೆ ಜೀವಮಾನವಿಡೀ ಸ್ಕಾಟ್ಲೆಂಡಿನ ಜನಪದ ಹಾಡು ಹುಡುಕಿದ. ತೀರಿಕೊಂಡದ್ದು 2002ರಲ್ಲಿ.

ಹಾಡು ಅಂದ ಕೂಡಲೇ ‘ಲಿಲಿ ಮಾರ್ಲೀನ್’ ಬಿಡೋಕಾಗುತ್ತಾ! ಆ ಪದ್ಯ ಬರೆದ ಹಾನ್ಸ್ ಲೈಪ್ ಒಬ್ಬ ಜರ್ಮನ್ ಸಿಪಾಯಿ, 1915ರಲ್ಲಿ, ಮೊದಲನೇ ಯುದ್ಧಕ್ಕೆ ಹೊರಡೋ ಮುಂಚೆ ಬರೆದದ್ದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಅದಕ್ಕೆ ರಾಗ ಕೂಡಿತು, ಲಾಲೆ ಆಂಡರ್ಸನ್ ಹಾಡಿದಳು. 1941ರಿಂದ ಜರ್ಮನರ ಹಿಡಿತದಲ್ಲಿದ್ದ ಬೆಲ್‌ಗ್ರೇಡ್ ರೇಡಿಯೋ ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ ಅದನ್ನು ಹಾಕೋದು. ಮರಳುಗಾಡಿನಲ್ಲಿ ಆ ಕಡೆಯವರೂ ಈ ಕಡೆಯವರೂ ರೇಡಿಯೋ ತಿರುಗಿಸಿ ಅದೇ ಹಾಡಿಗೆ ಕಾಯೋರು. ದೀಪದ ಕಂಬದ ಕೆಳಗೆ ಕಾಯೋ ಹುಡುಗಿಯ ಹಾಡು, ಅಷ್ಟೇ. ಎರಡು ಸೈನ್ಯಕ್ಕೂ ಅದೇ ಬೇಕಾಗಿತ್ತು.

ನಿಮ್ಮ ಮಾವನವರ ವಿಷಯಕ್ಕೆ ಬರ್ತೀನಿ ಅಕ್ಕಾ. ಮೆಕ್ಲೀನ್ ಆ ಹುಡುಗನ ಹೆಣ ಕಂಡ ರುವೈಸಾತ್ ದಿಣ್ಣೆ ಇದೆಯಲ್ಲ, ಅಲ್ಲೇ ನಮ್ಮ ಭಾರತೀಯ ಡಿವಿಷನ್ನುಗಳೂ ಕಾದಿದ್ದು. ಅಲಮೇನಿನ ಸ್ಮಶಾನದಲ್ಲಿ ಧರ್ಮಾನುಸಾರ ದಹನವಾದ 600ಕ್ಕೂ ಹೆಚ್ಚು ಜನರ ಹೆಸರಿಗೆ ಬೇರೆಯೇ ಒಂದು ಸ್ಮಾರಕ ಇದೆ. ಅದೇ ಮರಳುಗಾಡಿನಲ್ಲಿ ಸೆರೆಸಿಕ್ಕ ಇಟಾಲಿಯನ್ನರನ್ನು ಹಡಗಿನಲ್ಲಿ ತಂದು ನಮ್ಮ ಬೆಂಗಳೂರಿನ ಜಾಲಹಳ್ಳಿ ಕಡೆಯ ಶಿಬಿರಗಳಲ್ಲೂ ಇಟ್ಟಿದ್ದರು. ಅಂದರೆ ಆ ಯುದ್ಧ ನಮಗೆ ದೂರದ್ದಾಗಿರಲಿಲ್ಲ. ಇಂಗ್ಲಿಷ್ ಸಿಪಾಯಿಗಳು ಬರೆದದ್ದನ್ನು ಕೂಡಿಹಾಕಿ ಕೈರೋದಲ್ಲೇ 1943ರಲ್ಲಿ ‘ಓಯಸಿಸ್’ ಅನ್ನೋ ಸಂಕಲನ ಬಂತು, 1980ರಲ್ಲಿ ಡರೆಲ್‌ನ ಮುನ್ನುಡಿಯೊಂದಿಗೆ ‘ರಿಟರ್ನ್ ಟು ಓಯಸಿಸ್’ ಬಂತು. ನಮ್ಮ ಸಿಪಾಯಿಗಳು ಮನೆಗೆ ಬರೆದ ಕಾಗದದ ಮಾತುಗಳು ಬಹಳಷ್ಟು ಉಳಿದಿರೋದು ಸೆನ್ಸಾರ್ ಕಚೇರಿಯ ವರದಿಗಳಲ್ಲಿ, ಇಂಗ್ಲಿಷಿಗೆ ತಿರುಗಿಸಿದ ತುಂಡು ತುಂಡು ಸಾಲುಗಳಾಗಿ. ಬರೆದವನ ಭಾಷೆ ಹೋಯಿತು, ದನಿ ಹೋಯಿತು, ಸರ್ಕಾರಕ್ಕೆ ಬೇಕಾದ ಭಾಗ ಮಾತ್ರ ಉಳಿಯಿತು. ಇದು ನನಗೆ ನುಂಗಲಾರದ ಸಂಕಟ. ಮಾವನವರ ಕಾಗದಗಳು ಟ್ರಂಕಿನಲ್ಲಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಬರೀ ‘ನಾನು ಕ್ಷೇಮ’ ಅಂತಿದ್ದರೂ ಸರಿಯೇ.

ಹಾಗಂತ ಮೇಜು ಸಿಗದೆ ಒಂಟಿಯಾದ ಇಂಗ್ಲಿಷ್ ಕವಿಗಳೂ ಇದ್ದರು. ವೇಲ್ಸಿನ ಆಲನ್ ಲೂಯಿಸ್ ನಮ್ಮ ದೇಶಕ್ಕೇ ಬಂದವನು, 1942ರ ಕೊನೆಯಲ್ಲಿ. ಪುಣೆಯ ಕಡೆ ದಂಡಿನಲ್ಲಿದ್ದ. 1943ರ ಬೇಸಗೆ ಕಳೆದ ಮೇಲೆ ರಜೆಯಲ್ಲಿ ಕೂನೂರಿಗೆ ಬಂದು ಫ್ರೀಡಾ ಏಕ್ರಾಯ್ಡ್ ಅನ್ನೋ ಮಹಿಳೆಯ ಮನೆಯಲ್ಲಿ ಇದ್ದ ಆ ಕೆಲವೇ ದಿನ ಅವನಿಗೆ ಕವಿತೆಯ ಮಾತಾಡೋಕೆ ಜೊತೆ ಸಿಕ್ಕಿದ್ದು. 1944ರ ಮಾರ್ಚ್ 5ರಂದು ಬರ್ಮಾದ ಅರಾಕಾನಿನಲ್ಲಿ ತನ್ನದೇ ಪಿಸ್ತೂಲಿನ ಗುಂಡಿಗೆ ಸತ್ತ. ಸೈನ್ಯ ಅಪಘಾತ ಅಂತ ಬರೆದುಕೊಂಡಿತು.

ಡಗ್ಲಸ್‌ನ ಕತೆ ಪೂರ್ತಿ ಮಾಡಬೇಕು. ಅವನು 1943ರ ಕೊನೆಗೆ ಇಂಗ್ಲೆಂಡಿಗೆ ಮರಳಿದ. ಅವನ ಪುಸ್ತಕ ಹಾಕೋಕೆ ಮುಂದೆ ಬಂದವನು ಯಾರು ಗೊತ್ತಾ? ತಂಬಿಮುತ್ತು! ಸಿಲೋನಿನ ತಮಿಳು ಹುಡುಗ, 1938ರಲ್ಲಿ ಲಂಡನ್ನಿಗೆ ಹೋಗಿ ಮರುವರ್ಷವೇ ‘ಪೊಯೆಟ್ರಿ ಲಂಡನ್’ ಪತ್ರಿಕೆ ಶುರುಮಾಡಿದವನು. ಜಲಂಧರದಲ್ಲಿ ಹುಟ್ಟಿದವನು, ಮದ್ರಾಸಿನಲ್ಲಿ ಹುಟ್ಟಿದವನು ಕೈರೋದಲ್ಲಿ ಜಾಗ ಕೊಟ್ಟರು, ಸಿಲೋನಿನಿಂದ ಬಂದವನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಆ ಗದ್ಯದ ಪುಸ್ತಕ ಬಂದದ್ದು 1946ರಲ್ಲಿ. ಡಗ್ಲಸ್ ಅಷ್ಟು ಹೊತ್ತಿಗೆ ಇರಲಿಲ್ಲ. ನಾರ್ಮಂಡಿಯಲ್ಲಿ ಇಳಿದ ಮೂರು ದಿನಕ್ಕೇ, 1944ರ ಜೂನ್ 9, ಮಾರ್ಟರ್ ಗುಂಡಿಗೆ ಹೋದ. ಇಪ್ಪತ್ತನಾಲ್ಕು ವಯಸ್ಸು. ಇಪ್ಪತ್ತು ವರ್ಷ ಅವನನ್ನು ಹೆಚ್ಚು ಜನ ಓದಲಿಲ್ಲ. 1964ರಲ್ಲಿ ಕವಿ ಟೆಡ್ ಹ್ಯೂಸ್ ಆಯ್ದ ಕವಿತೆಗಳ ಪುಸ್ತಕ ಮಾಡಿ ಮುನ್ನುಡಿ ಬರೆದ ಮೇಲೆ ಜನ ಮತ್ತೆ ತಿರುಗಿ ನೋಡಿದರು.

ನಿಮ್ಮ ಮೊಮ್ಮಗಳು ಇಂಗ್ಲಿಷ್ ಎಂ.ಎ. ಮಾಡ್ತಿದ್ದಾಳಲ್ಲ, ಅವಳಿಗೆ ಮೊದಲು ಡಗ್ಲಸ್‌ನ ಗದ್ಯದ ಪುಸ್ತಕ ಓದೋಕೆ ಹೇಳಿ, ಕವಿತೆ ಆಮೇಲೆ. ಲಾರಿ ಹತ್ತಿಕೊಂಡು ಹೋದ ಆ ಹುಡುಗನ ಪರಿಚಯ ಆಗದೆ ಕವಿತೆ ಹಿಡಿದರೆ ಕಲ್ಲಿನಂಥ ಮನಸ್ಸಿನವನು ಅಂದುಕೊಂಡುಬಿಡ್ತಾಳೆ. ಪುಸ್ತಕ ಒಳಗಿದೆ, ತಂದುಕೊಡ್ತೀನಿ ಇರಿ.